ಮುಚ್ಚಳದ ಒಳಗಿನ ಮಂಜು

ಮುಚ್ಚಳವಿರುವ, ಅಂಗೈಯಗಲದ ಗಾಜಿನ ತಟ್ಟೆ ಎಂಬತ್ತು: ಸೊಸೆಯ ಕೊನೆಯ ಸಂಬಳದ ಅರ್ಧ. ದೊಡ್ಡ ಕುಕ್ಕರ್ ಒಂದು, ಅದೂ ರಬ್ಬರು ಸಡಿಲವಾದದ್ದು: ಹೊಲಿಗೆ ಯಂತ್ರ ಮಾರಿದ ದುಡ್ಡು. ನೀರನ್ನು ಹೆಪ್ಪುಗಟ್ಟಿಸುವ ಅಗರ್ ಪುಡಿಯ ಡಬ್ಬ: ಮನೆಗೆ ಹದಿನೈದು ದಿನ ಹಾಲು ತರುವಷ್ಟು. ಸ್ಪಿರಿಟ್ಟು, ದೀಪ, ಹತ್ತಿ, ಕೈಗವಸು: ಮಗಳ ಚಪ್ಪಲಿ ಮುಂದಿನ ತಿಂಗಳಿಗೆ ಹೋಯಿತು. ಆಲೂಗಡ್ಡೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬೇಯಿಸಿದ ನೀರು ಅಗರ್ ಜೊತೆ ಬೆರೆತು ತಟ್ಟೆಗೆ ಹೋಗುತ್ತಿತ್ತು, ಹೋಳು ಊಟಕ್ಕೆ ಬರುತ್ತಿತ್ತು. ಆರು ವಾರ ಮನೆಯವರೆಲ್ಲ ಆಲೂಗಡ್ಡೆ ತಿಂದರು.

ಇಷ್ಟನ್ನೂ ಸೊಸೆ ಬೆರಳು ಮಡಚಿ ಹೇಳಬಲ್ಲವಳಾಗಿದ್ದಳು. ಬೆರಳಿಗೆ ಸಿಗದ ಖರ್ಚು ಒಂದಿತ್ತು. ಅದು ಅತ್ತೆಯ ಕೋಣೆ.

ಅಡುಗೆಮನೆಯ ಹಿಂದಿನ ಕೋಣೆ. ಒಂದು ಕಬ್ಬಿಣದ ಮಂಚ, ಗೋಡೆಗೆ ಹೊಡೆದ ಮೂರು ಹಲಗೆ, ಹಿತ್ತಿಲ ಕಡೆಗೊಂದು ಸಣ್ಣ ಕಿಟಕಿ. ಅತ್ತೆ ಅದೇ ಮಂಚದ ಮೇಲೆ ತೀರಿಕೊಂಡು ಏಳು ತಿಂಗಳಾಗಿತ್ತು. ಅಂದಿನಿಂದ ಮಾವ ಮುಂದಿನ ಕೋಣೆಯ ಸೋಫಾ ಮೇಲೆ ಮಲಗುತ್ತಿದ್ದರು. ಬಚ್ಚಲಿಗೆ ಹೋಗುವಾಗ ಆ ಬಾಗಿಲು ದಾಟಬೇಕಾಗಿ ಬಂದರೆ ಮುಖ ಆಚೆ ತಿರುಗಿಸಿಕೊಂಡೇ ದಾಟುತ್ತಿದ್ದರು.

"ಅಮ್ಮ ಹೋದ ಕೋಣೇಲಿ ಬೂಷ್ಟು ಬೆಳೆಸ್ತೀರಾ ಅತ್ತಿಗೆ?" ಎಂದಳು ನಾದಿನಿ. ಅವಳು ಆಸ್ಪತ್ರೆಯಲ್ಲಿ ನರ್ಸು. ಎರಡು ಬೀದಿಯಾಚೆ ಅವಳ ಮನೆ. ಮಾವನ ಔಷಧಿಯ ದುಡ್ಡು ಅವಳದೇ ಆದ್ದರಿಂದ ಕೇಳುವ ಹಕ್ಕೂ ಇತ್ತು.

"ಬೂಷ್ಟಲ್ಲ ಮಾರಾಯ್ತಿ, ಅಣಬೆ."

"ಅಣಬೆ ಅಂದ್ರೆ ಬೂಷ್ಟಿನ ದೊಡ್ಡಪ್ಪ ತಾನೇ? ನಮ್ಮ ವಾರ್ಡಿನ ಹುಡುಗಿ ಒಬ್ಳು ರೂಮು ಹುಡುಕ್ತಿದಾಳೆ. ಕೊಟ್ರೆ ತಿಂಗಳಿಗಿಷ್ಟು ಅಂತ ಬಾಡಿಗೆ ಬರುತ್ತೆ. ಅಪ್ಪನ ಔಷಧಿ ನಾನೊಬ್ಬಳೇ ಎಷ್ಟು ದಿನ ಎಳೀಲಿ?"

ಸೊಸೆಯ ಗಂಡ ಲಿಫ್ಟ್ ರಿಪೇರಿಯವನು. ಮೇಲೆ ಕೆಳಗೆ ಮಾಡುವುದು ಅವನ ಕಸುಬು. ಹೆಂಡತಿಗೂ ತಂಗಿಗೂ ನಡುವೆ ನಿಲ್ಲುವುದೂ ಅಭ್ಯಾಸವಾಗಿತ್ತು.

"ಆರು ವಾರ ಕೊಡೋಣ. ಇವಳ ಕೈಲಿ ಆಗ್ಲಿಲ್ಲ ಅಂದ್ರೆ ನಿನ್ನ ನರ್ಸಮ್ಮ ಗಂಟುಮೂಟೆ ತಗೊಂಡು ಬರ್ಲಿ. ಆಯ್ತಾ?"

ಆರು ವಾರದ ಲೆಕ್ಕ ಅಣಬೆ ಫಾರಂ ನಡೆಸುವ ಹೆಂಗಸಿನದು. ಪೇಟೆಯ ಹೊರಗೆ ಅವಳದು ನಾಲ್ಕು ಶೆಡ್ಡು. "ಐವತ್ತು ತಟ್ಟೆ ಅಣಬೆ ಬಿತ್ತನೆ ಕೊಡಮ್ಮ," ಎಂದಿದ್ದಳು. "ಬಿಳಿ ಎಳೆ ಅಂಚಿನ ತನಕ ಹಬ್ಬಿರ್ಬೇಕು. ಮುಚ್ಚಳದ ಒಳಗೆ ಒಂದು ಹನಿ ಕಂಡ್ರೂ ವಾಪಸ್ಸು. ಹನಿ ಬಿದ್ದ ಕಡೆ ಕೀಟಾಣು ಈಜಾಡುತ್ತೆ, ನನ್ನ ಶೆಡ್ಡೇ ಎಕ್ಕುಟ್ಟಿ ಹೋಗುತ್ತೆ. ಚೆನ್ನಾಗಿ ಕೊಟ್ರೆ ಹದಿನೈದು ದಿನಕ್ಕೊಂದ್ಸಲ ಐವತ್ತು ತಗೋತೀನಿ. ಖಾಲಿ ತಟ್ಟೆ ತಿರುಗಿ ಕೊಡ್ತೀನಿ."

ಸೊಸೆ ಹನ್ನೊಂದು ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಗಾಜು ತೊಳೆದವಳು. ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ ಬಂದ ಮೇಲೆ ತೊಳೆಯುವವಳಿಗೆ ಕೆಲಸವೇನು? ಲ್ಯಾಬಿನವರು ಕೊನೆಯ ಸಂಬಳದಲ್ಲಿ ಅರ್ಧ ಹಿಡಿದುಕೊಂಡು ಹಳೆಯ ಗಾಜಿನ ತಟ್ಟೆಗಳನ್ನು ಕಟ್ಟಿ ಕೊಟ್ಟು ಕಳಿಸಿದರು. ಈಗ ಬೆಳಗ್ಗೆ ಹತ್ತರಿಂದ ಎರಡರವರೆಗೆ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಲ್ಲಿನ ಸೋಡಾಪುಡಿಗೆ ಅಂಗೈ ಬಿರಿದು ರಕ್ತ ಬರುತ್ತಿತ್ತು. ಈ ಐವತ್ತು ತಟ್ಟೆ ಗೆದ್ದರೆ ಕ್ಯಾಂಟೀನು ಬಿಡಬಹುದು. ಸೋತರೆ ಕೋಣೆಯೂ ಇಲ್ಲ, ಕೈಯೂ ಇಲ್ಲ.

ಮೊದಲ ಸಲ ಕುಕ್ಕರಿನಿಂದ ತೆಗೆದ ಅಗರ್ ಬಾಟಲಿಯನ್ನು ಬಟ್ಟೆಯಲ್ಲಿ ಹಿಡಿದು ಕುದಿಕುದಿಯಾಗಿಯೇ ತಟ್ಟೆಗಳಿಗೆ ಸುರಿದಳು. ಗಂಟೆ ಕಳೆಯುವುದರೊಳಗೆ ಇಪ್ಪತ್ತು ಮುಚ್ಚಳಗಳ ಒಳಗೂ ಮಳೆ ಬಂದಂತೆ ಹನಿ. ಮೂರನೆಯ ದಿನ ಹನಿ ಬಿದ್ದಲ್ಲೆಲ್ಲ ಹಳದಿ ಲೋಳೆ. ಇಪ್ಪತ್ತನ್ನೂ ಕುದಿಸಿ, ಉಜ್ಜಿ, ತೊಳೆದಳು. ತೊಳೆಯುವುದು ಅವಳಿಗೆ ಗೊತ್ತಿತ್ತು. ಸುರಿಯುವುದು ಲ್ಯಾಬಿನಲ್ಲಿ ಬೇರೆಯವರ ಕೆಲಸ. ಆ ಬಾಗಿಲು ಯಾವತ್ತೂ ಮುಚ್ಚಿಯೇ ಇರುತ್ತಿತ್ತು.

"ಇವತ್ತೂ ಆಲೂಗಡ್ಡೆನಾ?" ಎಂದಳು ಮಗಳು. ಎಂಟನೆಯ ಕ್ಲಾಸು, ಬಾಯಿ ಮಾತ್ರ ಕಾಲೇಜಿನದು. "ಅಮ್ಮ, ಇನ್ನು ನಾಲ್ಕು ದಿನ ಹೋದ್ರೆ ನನಗೇ ಮೊಳಕೆ ಬರುತ್ತೆ."

"ಬರ್ಲಿ. ಅದನ್ನೂ ಮಾರ್ತೀನಿ."

ಮಾವ ಮಾತಿಲ್ಲದೆ ತಿನ್ನುತ್ತಿದ್ದರು. ತಿಂದೆದ್ದು ಕೈ ತೊಳೆಯುವಾಗ ಮಾತ್ರ, ಯಾರಿಗೆ ಎಂದಿಲ್ಲದೆ, "ಗಾಜು ಮಂಜಾಗಿದೆ," ಎಂದರು. ಯಾವ ಗಾಜು ಎಂದು ಯಾರೂ ಕೇಳಲಿಲ್ಲ. ನಲವತ್ತು ವರ್ಷ ಕನ್ನಡಕದ ಅಂಗಡಿಯ ಹಿಂದೆ ಕೂತು ಗಾಜು ಸಾಣೆ ಹಿಡಿದವರು ಅವರು. ಬಸ್ಸಿನ ಕಿಟಕಿಯಿಂದ ಹಿಡಿದು ಗಡಿಯಾರದವರೆಗೆ ಯಾವ ಗಾಜನ್ನು ಕಂಡರೂ ಏನೋ ಒಂದು ಹೇಳುತ್ತಿದ್ದರು.

ಎರಡನೆಯ ವಾರ ಸೊಸೆ ತಾಳ್ಮೆ ಕಲಿತಳು. ಬಾಟಲಿಯನ್ನು ಕೆನ್ನೆಗೆ ಒತ್ತಿ ಹತ್ತು ಎಣಿಸುವಷ್ಟು ಆರಿದ ಮೇಲೆ ಸುರಿದಳು. ಹನಿ ಹೋಯಿತು, ತೆಳ್ಳನೆಯ ಮಂಜು ಉಳಿಯಿತು. ತಟ್ಟೆಗಳನ್ನು ಬೋರಲು ಇಟ್ಟರೆ ಆ ಮಂಜು ಮುಚ್ಚಳದಲ್ಲೇ ಉಳಿಯುತ್ತದೆ, ಎಳೆಯ ಮೇಲೆ ಬೀಳುವುದಿಲ್ಲ ಎಂದು ಫಾರಂ ಹೆಂಗಸು ಹೇಳಿದ್ದಳು. ಅಣಬೆಯ ಚೂರು ಇಟ್ಟ ಮೂವತ್ತು ತಟ್ಟೆಗಳನ್ನು ಹಲಗೆಯ ಮೇಲೆ ಬೋರಲು ಜೋಡಿಸಿ ಕ್ಯಾಂಟೀನಿಗೆ ಹೋದಳು.

ಎರಡೂವರೆಗೆ ಬಂದು ನೋಡಿದರೆ ಮೂವತ್ತೂ ಅಂಗಾತ ಇದ್ದವು.

"ಮಾವ, ಯಾರಾದ್ರೂ ಬಂದಿದ್ರಾ?"

ಮಾವ ಸೋಫಾದಿಂದ ತಲೆ ಎತ್ತಲಿಲ್ಲ. "ಹೊರಗಿಂದ ಯಾರೂ ಬಂದಿಲ್ಲಮ್ಮ."

ಅವಳು ಮತ್ತೆ ಬೋರಲು ಹಾಕಿದಳು. ಮರುದಿನ ಮತ್ತೆ ಅಂಗಾತ. ಸಂಜೆ ಊಟಕ್ಕೆ ಕೂತಾಗ ಮಗಳ ಮೇಲೆ ಹರಿಹಾಯ್ದಳು. "ನಿನ್ನದೇ ಕಿತಾಪತಿ ಇದು."

"ನಾನು ನಾಲ್ಕು ಗಂಟೆವರೆಗೆ ಸ್ಕೂಲಲ್ಲಿ ಇರ್ತೀನಲ್ಲಮ್ಮ!"

"ಮತ್ತೆ ಅವೇ ಹೊರಳಿದವಾ?"

"ಹೊರಳ್ಬೋದು," ಎಂದ ಗಂಡ, ಚಪಾತಿಯನ್ನು ಆಲೂಗಡ್ಡೆ ಸಾರಿನಲ್ಲಿ ಅದ್ದುತ್ತ. "ನಾನು ರಿಪೇರಿ ಮಾಡೋ ಲಿಫ್ಟು ಯಾರೂ ಗುಂಡಿ ಒತ್ತದೆ ಐದನೇ ಮಹಡಿಗೆ ಹೋಗಿ ನಿಂತಿರುತ್ತೆ. ಬಾಗಿಲು ತೆಗೆದು, ಮುಚ್ಚಿ, ಇಳಿಯುತ್ತೆ. ದೆವ್ವ ಅಂದ್ಕೊಂಡಿದ್ರೆ ನನಗೆ ಸಂಬಳ ಯಾರು ಕೊಡ್ತಿದ್ರು?"

"ಅದಕ್ಕೆ ಕಾರಣ ಏನು ಅಂತ ಕಂಡುಹಿಡಿದ್ರಾ?"

"ಒಂದೊಂದ್ಸಲ ಇಲ್ಲ," ಎಂದು ಅವನು ಒಪ್ಪಿಕೊಂಡ.

ಎಂಟು ದಿನಕ್ಕೆ ಎಳೆ ಹಬ್ಬಿತು. ತಟ್ಟೆಯ ನಡುವಿನಿಂದ ಬೆಳ್ಳಗೆ, ದುಂಡಗೆ, ಹತ್ತಿಯ ಹಾಗೆ. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬರಲಿಲ್ಲ.

"ಅಮ್ಮ. ಅಜ್ಜಿ ಕಣ್ಣು ಹೀಗೇ ಇತ್ತಲ್ವಾ?"

"ಬಾಯಿ ಮುಚ್ಕೊಂಡು ಓದ್ಕೋ ಹೋಗು," ಎಂದಳು ಸೊಸೆ. ಆದರೆ ಆ ಮಾತು ಕೇಳಿದ ಮೇಲೆ ತಟ್ಟೆಗಳನ್ನು ಬೇರೆ ರೀತಿ ನೋಡಲು ಆಗಲಿಲ್ಲ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೋಡಾ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ, ಮಾವನೇ ಮಾಡಿದ್ದು. ದಿನಾ ಬೆಳಗ್ಗೆ ಚಹಾಕ್ಕೆ ಮುಂಚೆ ಮಾವ ಅದನ್ನು ಕೈಗೆ ತೆಗೆದುಕೊಂಡು, "ಹಾ" ಎಂದು ಬಾಯಿಂದ ಆವಿ ಬಿಟ್ಟು, ಅಂಗಿಯ ಅಂಚಿನಿಂದ ಒರೆಸಿ, ಹೆಂಡತಿಯ ಮೂಗಿಗೆ ಏರಿಸುತ್ತಿದ್ದರು. "ಕಾಣ್ಸುತ್ತಾ?" "ಇನ್ನೂ ಸ್ವಲ್ಪ ಮಂಜು." ಮತ್ತೆ ಒರೆಸುತ್ತಿದ್ದರು. ಮೊದಮೊದಲು ಅದು ಅತ್ತೆಯ ತಮಾಷೆ, ಗಂಡನ ಕೈಲಿ ಎರಡು ಸಲ ಕೆಲಸ ಮಾಡಿಸುವುದು. ಕೊನೆಯ ಎರಡು ವರ್ಷ ಅದು ನಿಜವಾಗಿತ್ತು. ಮಾವ ಒರೆಸುತ್ತಲೇ ಇರುತ್ತಿದ್ದರು, ಅತ್ತೆ ಮಂಜು ಎನ್ನುತ್ತಲೇ ಇರುತ್ತಿದ್ದಳು, ಚಹಾ ಆರಿ ಹೋಗುತ್ತಿತ್ತು.

ಆ ಮೂವತ್ತರಲ್ಲಿ ಇಪ್ಪತ್ತಾರು ಕೆಟ್ಟವು. ಬಿಳಿ ಎಳೆಯ ಪಕ್ಕದಲ್ಲೇ ಗುಲಾಬಿ, ಕೆನೆ, ಬೂದಿ ಬಣ್ಣದ ಚುಕ್ಕೆ. ಮಂಜಿನಿಂದ ಬರುವ ಲೋಳೆಯ ಹಾಗಿರಲಿಲ್ಲ. ಲ್ಯಾಬಿನಲ್ಲಿ ಇಂಥ ತಟ್ಟೆಗಳನ್ನು ಅವಳು ತೊಳೆದದ್ದು ನೆನಪಾಯಿತು: ರೋಗಿಗಳ ಬಾಯಿಂದ, ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ತಂದು ಬೆಳೆಸಿದವು. ಬಾಯಿಯ ಚುಕ್ಕೆ ಇವು. ಆದರೆ ಯಾರ ಬಾಯಿ?

ಮೂರನೆಯ ವಾರ ಮತ್ತೆ ಮೂವತ್ತು ಸುರಿದಳು. ಈ ಸಲ ಕೋಣೆಗೆ ಬೀಗ ಹಾಕಿ ಕೀಲಿಯನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಕ್ಯಾಂಟೀನಿನಲ್ಲಿ ಬಗ್ಗಿ ಪಾತ್ರೆ ತಿಕ್ಕುವಾಗ ಕೀಲಿ ತೂಗಾಡಿ ಪಾತ್ರೆಗೆ ಬಡಿಯುತ್ತಿತ್ತು.

ಮಧ್ಯಾಹ್ನ ಬಂದು ಬೀಗ ತೆಗೆದಳು. ತಟ್ಟೆಗಳು ಹಲಗೆಯ ಮೇಲೆ ಅಂಗಾತ ಇದ್ದವು. ಬರೀ ಅಂಗಾತವಲ್ಲ. ಎರಡೆರಡಾಗಿ ಇದ್ದವು. ಪ್ರತಿ ಜೋಡಿಯ ನಡುವೆ ಎರಡು ಬೆರಳಗಲ ಜಾಗ, ಒಂದು ಮೂಗು ಕೂರುವಷ್ಟು. ಒಂದೊಂದು ಮುಚ್ಚಳದ ನಡುವೆಯೂ ದುಂಡನೆಯ ಮಂಜು, ಯಾರೋ ಹತ್ತಿರದಿಂದ ಉಸಿರು ಬಿಟ್ಟಷ್ಟು. ಬೆರಳಿನಿಂದ ಒರೆಸಿದಳು. ಹೋಗಲಿಲ್ಲ. ಮಂಜು ಒಳಗಡೆ ಇತ್ತು.

ಹಿಂದೆ ಮಂಚದ ಸ್ಪ್ರಿಂಗು ಕಿರುಗುಟ್ಟಿತು. ತಿರುಗಿ ನೋಡಿದಳು. ಹಾಸಿಗೆಯಿಲ್ಲದ ಬರಿಯ ಮಂಚ. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಕಿಟಕಿಯಿಂದ ಬಿಸಿಲು ಬರುತ್ತಿರಲಿಲ್ಲ.

ನಾಲ್ಕನೆಯ ವಾರದ ಒಂದು ದಿನ ಕ್ಯಾಂಟೀನಿನಲ್ಲಿ ಗ್ಯಾಸು ಮುಗಿದು ಹನ್ನೊಂದೂವರೆಗೇ ಬಾಗಿಲು ಹಾಕಿದರು. ದಾರಿಯಲ್ಲಿ ಆಲೂಗಡ್ಡೆ ಕೊಂಡು ಸೊಸೆ ಮನೆಗೆ ಬಂದಳು. ಸೋಫಾ ಖಾಲಿ. ಅಡುಗೆಮನೆ ದಾಟಿದರೆ ಹಿಂದಿನ ಕೋಣೆಯ ಬೀಗ ತೆಗೆದು ಚಿಲಕಕ್ಕೆ ನೇತುಬಿದ್ದಿತ್ತು. ಒಳಗಿನಿಂದ ಮಾತು ಕೇಳಿಸಿತು.

"ಕಾಣ್ಸುತ್ತಾ?"

ಸ್ವಲ್ಪ ಹೊತ್ತು ಸುಮ್ಮನೆ. ಯಾರೋ ಉತ್ತರ ಹೇಳಿ ಮುಗಿಸುವಷ್ಟು ಹೊತ್ತು.

"ಇನ್ನೂ ಮಂಜಾ? ತಾಳು, ತಾಳು. ಅವಸರ ಮಾಡ್ಬೇಡ."

ಬಾಗಿಲ ಸಂದಿಯಿಂದ ನೋಡಿದಳು. ಮಾವ ಮಂಚದ ತುದಿಯಲ್ಲಿ ಕೂತಿದ್ದರು. ಮಂಚದ ಮೇಲೆ ಹಳೆಯ ಶಾಲು ಹಾಸಿ ಅದರ ಮೇಲೆ ತಟ್ಟೆಗಳನ್ನು ಜೋಡಿ ಜೋಡಿಯಾಗಿ ಇಟ್ಟಿದ್ದರು, ತಲೆಯ ಕಡೆಯಿಂದ ಸಾಲಾಗಿ. ಒಂದರ ಮುಚ್ಚಳ ಎತ್ತಿ, ಒಳಮೈಗೆ "ಹಾ" ಎಂದು ಉಸಿರು ಬಿಟ್ಟು, ಅಂಗಿಯ ಅಂಚಿನಿಂದ ದುಂಡಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮುಚ್ಚಿದರು. ಅವರ ಕೈ ನಡುಗುತ್ತಿರಲಿಲ್ಲ. ಚಹಾದ ಲೋಟ ಹಿಡಿಯುವಾಗ ನಡುಗುವ ಅದೇ ಕೈ.

ಆಲೂಗಡ್ಡೆಯ ಚೀಲ ಕೈಜಾರಿ ಬಿತ್ತು. ಒಂದು ಗಡ್ಡೆ ಉರುಳುತ್ತ ಹೋಗಿ ಮಾವನ ಕಾಲಿಗೆ ತಾಗಿತು.

"ಮಾವ! ಏನ್ಮಾಡ್ತಿದೀರಿ ನೀವು?"

"ಬಾಮ್ಮ," ಎಂದರು ಮಾವ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗಿರಲಿಲ್ಲ. "ಮಕಾಡೆ ಮಲಗಿಸ್ಬೇಡ. ಹಾಗೆ ಮಲಗಿದ್ರೆ ಏನು ಕಾಣುತ್ತೆ ಅವಳಿಗೆ?"

"ಕೀಲಿ ನನ್ನ ಕೊರಳಲ್ಲಿದೆ. ಒಳಗೆ ಹೇಗೆ ಬಂದ್ರಿ?"

"ನಿಮ್ಮತ್ತೆ ಗೊಂಚಲಲ್ಲಿ ಇನ್ನೊಂದಿತ್ತು."

"ನಾಲ್ಕು ವಾರ! ನಾಲ್ಕು ವಾರದ ದುಡಿಮೆ ಮಾವ! ನಿಮ್ಮ ಬಾಯಿಂದಾನೇ ಎಲ್ಲಾ ಕೆಟ್ಟಿರೋದು. ಈ ಚುಕ್ಕೆ ನೋಡಿ, ಇವೆಲ್ಲ ನಿಮ್ಮ ಉಸಿರು!" ಅವಳು ಬಿರಿದ ಅಂಗೈಗಳನ್ನು ಅವರ ಮುಖದ ಮುಂದೆ ಹಿಡಿದಳು. "ಇದು ನೋಡಿ. ಇದು ಕಾಣ್ಸುತ್ತಾ ನಿಮಗೆ?"

ಮಾವ ಆ ಕೈಗಳನ್ನು ನೋಡಿದರು.

"ಹೊರಗಿಂದ ಎಷ್ಟು ಒರೆಸಿದ್ರೂ ಹೋಗ್ಲಿಲ್ಲಮ್ಮ," ಎಂದರು ಕೊನೆಗೆ. "ಅವಳು ಒಳಗಿಂದ ಊದ್ತಾಳೆ. ಅದಕ್ಕೇ ಮುಚ್ಚಳ ತೆಗೆದೆ."

ಸಂಜೆ ನಾದಿನಿ ಬಂದಳು. ಊಟದ ಮೇಜಿಗೆ ಅನ್ನವೂ ಮೊಟ್ಟೆಯೂ ಬಂದಿದ್ದವು, ಯಾರೂ ಮುಟ್ಟಿರಲಿಲ್ಲ.

"ಅಪ್ಪನಿಗೆ ಭ್ರಮೆ ಹಿಡಿಸಿದ್ದೇ ಈ ತಟ್ಟೆಗಳು," ಎಂದಳು ನಾದಿನಿ. "ಎಲ್ಲಾ ಎತ್ತಿ ಬಿಸಾಕಿ. ಸೋಮವಾರ ಆ ಹುಡುಗೀನ ಕರ್ಕೊಂಡು ಬರ್ತೀನಿ."

"ಇನ್ನೂ ಎರಡು ವಾರ ಇದೆ," ಎಂದಳು ಸೊಸೆ.

"ಎರಡು ವಾರದಲ್ಲಿ ಏನು ಕಡಿದು ಕಟ್ಟೆ ಹಾಕ್ತೀರಾ?"

"ಕಟ್ಟೆ ಹಾಕ್ತೀನೋ ಗುಡ್ಡೆ ಹಾಕ್ತೀನೋ, ಮಾತು ಅಂದ್ರೆ ಮಾತು."

"ಅಮ್ಮನ ಕಣ್ಣಿನ ಆಪರೇಷನ್‌ಗೂ ಹೀಗೇ ಮಾತು ಕೊಟ್ಟಿದ್ರಿ ಎಲ್ರೂ!" ನಾದಿನಿಯ ದನಿ ಏರಿತು. "ನಾನು ಎರಡು ಸಲ ದಿನ ಗೊತ್ತು ಮಾಡಿಸಿದ್ದೆ. ಒಂದ್ಸಲ ಅಪ್ಪನಿಗೆ ಸ್ಕೂಲ್ ಮಕ್ಕಳ ಮುನ್ನೂರು ಕನ್ನಡಕದ ಆರ್ಡರು. ಇನ್ನೊಂದ್ಸಲ ಅಣ್ಣನಿಗೆ ರಜ ಸಿಗ್ಲಿಲ್ಲ. ಅಮ್ಮ ಸಾಯೋವರೆಗೂ ಗೋಡೆ ಸವರ್ಕೊಂಡೇ ಬಚ್ಚಲಿಗೆ ಹೋದಳು."

ಗಂಡ ತಟ್ಟೆ ಸರಿಸಿ ಎದ್ದ. ಮಗಳು ಅಳಲು ಶುರು ಮಾಡಿದಳು. ಆಗ ಮಾವ ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಊರಿನ ಮಕ್ಕಳಿಗೆಲ್ಲ ಕಾಣೋ ಹಾಗೆ ಮಾಡ್ದೆ," ಎಂದರು. "ಅವಳು, ಆಯ್ತು ಬಿಡಿ, ಮುಂದಿನ ತಿಂಗಳು ನೋಡೋಣ ಅಂದಳು. ನಾನೂ ಆಯ್ತು ಅಂದೆ." ಮತ್ತೆ ಸೊಸೆಯ ಕಡೆ ತಿರುಗಿದರು. "ಆ ಗಾಜಿನ ಮೇಲೆ ಉಸಿರು ಯಾಕೆ ನಿಲ್ಲುತ್ತೆ ಗೊತ್ತೇನಮ್ಮ? ಗಾಜು ತಣ್ಣಗಿರೋದಕ್ಕೆ. ಕೆಳಗೆ ಬಿಸಿ, ಮೇಲೆ ತಣ್ಣಗೆ. ಮುಚ್ಚಳ ಬೆಚ್ಚಗಿದ್ರೆ ಉಸಿರು ಕೂರಲ್ಲ. ಚಳೀಲಿ ಗಿರಾಕಿ ಮೂಗಿಗೆ ಏರಿಸೋಕೆ ಮುಂಚೆ ನಾವು ಗಾಜನ್ನ ಚಹಾದ ಲೋಟಕ್ಕೆ ತಾಗಿಸಿಟ್ಟಿರ್ತಿದ್ವಿ."

ನಾದಿನಿ ಮೊದಲು ತುತ್ತು ಎತ್ತಿದಳು. "ಎರಡು ವಾರ. ಒಂದು ದಿನ ಹೆಚ್ಚಿಲ್ಲ," ಎಂದಳು.

ಮರುದಿನ ಸೊಸೆ ಕ್ಯಾಂಟೀನಿಗೆ ರಜೆ ಹೇಳಿ ಮಾವನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಬಂದಳು. ಎರಡನೆಯ ಕೀಲಿಯನ್ನು ಅವಳು ಕೇಳುವ ಮುಂಚೆ ಅವರೇ ಕೊಟ್ಟರು. ಅವರ ಬಾಯಿಗೆ ಮೂಗಿಗೆ ಸೇರಿಸಿ ಒಗೆದ ಬಟ್ಟೆ ಕಟ್ಟಿದಳು.

"ನಿಮ್ಮತ್ತೆ ನಲವತ್ತು ವರ್ಷ ಒದ್ದಾಡಿದ್ರೂ ಆಗದ್ದು," ಎಂದರು ಮಾವ ಬಟ್ಟೆಯೊಳಗಿಂದ. "ನನ್ನ ಬಾಯಿ ಕಟ್ಟಿಸ್ಬಿಟ್ಟೆ ನೀನು."

ಸುರಿದ ತಟ್ಟೆಗಳನ್ನು ಮಾವ ಒಂದರ ಮೇಲೊಂದು ಹತ್ತರಂತೆ ಪೇರಿಸಿದರು. ಕೆಳಗಿನದರ ಬಿಸಿ ಮೇಲಿನದರ ತಳಕ್ಕೆ, ಅದರ ಬಿಸಿ ಅದರ ಮೇಲಿನದಕ್ಕೆ. ಎಲ್ಲಕ್ಕಿಂತ ಮೇಲಿನ ಮುಚ್ಚಳದ ಮೇಲೆ ಬಿಸಿನೀರು ತುಂಬಿದ ಲೋಟ. ಪ್ರತಿ ಪೇರಿಗೂ ಉಣ್ಣೆಯ ಬಟ್ಟೆ ಸುತ್ತಿದರು, ನಿಧಾನ ಆರಲಿ ಎಂದು. ಬಟ್ಟೆ ಸಾಲದೆ ಅತ್ತೆಯ ಶಾಲನ್ನೂ ಸುತ್ತಬೇಕಾಯಿತು. ಸುತ್ತುವಾಗ ಮಾವ ಅದರ ಅಂಚನ್ನು ಒಳಗೆ ಸಿಕ್ಕಿಸಿದ್ದು ಮಲಗಿದವರಿಗೆ ಹೊದಿಸುವ ಹಾಗಿತ್ತು.

ಸಂಜೆ ಬಿಚ್ಚಿದಾಗ ಐವತ್ತಾರು ಮುಚ್ಚಳ ಪಳಪಳ ಎನ್ನುತ್ತಿದ್ದವು. ಒಂದರಲ್ಲೂ ಮಂಜಿರಲಿಲ್ಲ. ಸೊಸೆಗೆ ಕುಣಿಯಬೇಕೆನಿಸಿತು. ಮಾವ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು.

"ಸುಮ್ನಾದಳು," ಎಂದರು. ಬಾಯಿಯ ಬಟ್ಟೆ ಬಿಚ್ಚಿ ಮಡಚಿ ಅವಳ ಕೈಗೆ ಕೊಟ್ಟು ಮುಂದಿನ ಕೋಣೆಗೆ ಹೋದರು. ಆಮೇಲೆ ಹಿಂದಿನ ಕೋಣೆಗೆ ಬರಲಿಲ್ಲ. ಚಹಾ ಕೊಟ್ಟರೆ ಕುಡಿದರು, ಬಿಟ್ಟರೆ ಬಿಟ್ಟರು. ಕನ್ನಡಕ ಒರೆಸಿಕೊಳ್ಳುವುದನ್ನೂ ಬಿಟ್ಟರು. ಆರನೆಯ ವಾರದ ನಡುವೆ ಕೆಮ್ಮು ಹಿಡಿಯಿತು. ನಾದಿನಿ ಬಂದು ಎದೆಗೆ ಕಿವಿಗೊಟ್ಟು, "ಕಫ ಕಟ್ಟಿದೆ. ವಾರ್ಡಲ್ಲಿ ನಾಲ್ಕು ದಿನ ಇಟ್ಕೋತೀನಿ," ಎಂದು ಕರೆದುಕೊಂಡು ಹೋದಳು.

ಅಣಬೆಯ ಚೂರು ಇಟ್ಟ ತಟ್ಟೆಗಳು ಚೆನ್ನಾಗಿ ಬೆಳೆಯುತ್ತಿದ್ದವು. ಬಿಳಿ ಎಳೆ ಬಿಟ್ಟರೆ ಬೇರೆ ಬಣ್ಣವಿಲ್ಲ. ಸೊಸೆ ದಿನಕ್ಕೆರಡು ಸಲ ಎಣಿಸುತ್ತಿದ್ದಳು: ಐವತ್ತಾರೂ ಬೋರಲು, ಮೂರು ಹಲಗೆಯ ಮೇಲೆ. ಎರಡೂ ಕೀಲಿ ಕೊರಳಲ್ಲಿ. ಸ್ನಾನಕ್ಕೆ ಹೋದಾಗಲೂ ತೆಗೆಯುತ್ತಿರಲಿಲ್ಲ. ಕಿಟಕಿಗೆ ಒಳಗಿನಿಂದ ಚಿಲಕ.

ಕೊಡುವ ದಿನ ಸೋಮವಾರ. ಭಾನುವಾರ ಬೆಳಗ್ಗೆ ಚಹಾಕ್ಕೆ ನೀರಿಟ್ಟು ಬೀಗ ತೆಗೆದಳು.

ನಡುವಿನ ಹಲಗೆಯ ತುದಿಯಲ್ಲಿ, ಮಂಚದ ತಲೆಯ ಕಡೆ, ಎರಡು ತಟ್ಟೆಗಳು ಅಂಗಾತ ಇದ್ದವು. ಅಕ್ಕಪಕ್ಕ. ನಡುವೆ ಎರಡು ಬೆರಳಗಲ ಜಾಗ. ಎಳೆ ಅಂಚಿನ ತನಕ ಹಬ್ಬಿ ಬೆಳ್ಳಗೆ ನೋಡುತ್ತಿದ್ದವು. ಎರಡರ ಮುಚ್ಚಳದ ಒಳಗೂ ದುಂಡನೆಯ ಮಂಜು.

ಗಂಡನನ್ನು ಕೂಗಿದಳು. ಅವನು ಹಲ್ಲುಜ್ಜುತ್ತಲೇ ಬಂದು ನೋಡಿದ.

"ನೀನೇ ಎರಡನ್ನ ತಿರುಗಿಸೋದು ಮರ್ತಿದೀಯ."

"ನಿನ್ನೆ ಸಂಜೆ ಎಣಿಸಿದ್ದೆ ರೀ."

"ಎಣಿಸಿದ್ದು ತಟ್ಟೇನ. ಬೋರಲು ಅಂಗಾತ ನೋಡಿದ್ಯಾ?"

ನೋಡಿದ್ದಳು. ಆದರೆ ಆಣೆಯಿಟ್ಟು ಹೇಳು ಎಂದರೆ ಹೇಳಲು ಧೈರ್ಯ ಬರಲಿಲ್ಲ. "ಆ ಮೂಲೆ ಗೋಡೆ ತಣ್ಣಗಿದೆ, ಅದಕ್ಕೇ ಮಂಜು," ಎಂದ ಗಂಡ. ಅದೂ ಇರಬಹುದು. ಅವನು ಬಾಯಿ ಮುಕ್ಕಳಿಸಲು ಹೋದ. ಹೋಗುವಾಗ ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೋದ.

ಸೊಸೆ ಗೋಡೆಗೆ ಅಂಗೈ ಇಟ್ಟು ನೋಡಿದಳು. ತಣ್ಣಗೂ ಇರಲಿಲ್ಲ, ಬೆಚ್ಚಗೂ ಇರಲಿಲ್ಲ. ಹೊರಗೆ ಚಹಾದ ನೀರು ಕುದಿಯುವ ಸದ್ದು. ಎರಡು ತಟ್ಟೆ ಹೋದರೂ ಐವತ್ತಕ್ಕೆ ಕೊರತೆಯಿರಲಿಲ್ಲ. ಅವನ್ನು ಬೋರಲು ಹಾಕಲೆಂದು ಕೈ ಚಾಚಿದಳು. ಕೈ ಅಲ್ಲೇ ನಿಂತಿತು. ಮಕಾಡೆ ಮಲಗಿಸ್ಬೇಡ ಎಂದಿದ್ದರು ಮಾವ.

ಹನ್ನೊಂದು ವರ್ಷ ತಟ್ಟೆ ತೊಳೆದವಳು, ಬರಿಗೈಯಲ್ಲಿ ಮುಚ್ಚಳ ಮುಟ್ಟಬಾರದೆಂದು ಮಗಳಿಗೆ ನೂರು ಸಲ ಗದರಿದವಳು, ಒಂದು ಮುಚ್ಚಳ ಎತ್ತಿದಳು. ಒಳಮೈಗೆ "ಹಾ" ಎಂದಳು. ತೋಳಿನ ಬಟ್ಟೆಯಿಂದ ದುಂಡಗೆ ಒರೆಸಿದಳು. ಮುಚ್ಚಿದಳು. ಇನ್ನೊಂದನ್ನೂ ಹಾಗೆಯೇ ಮಾಡಿದಳು.

"ಕಾಣ್ಸುತ್ತಾ ಅತ್ತೆ?" ಎಂದಳು, ಅಡುಗೆಮನೆಗೆ ಕೇಳಿಸದಷ್ಟು ಮೆಲ್ಲಗೆ.

ಹಿಂದೆ ಮಂಚ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು, ಕೂತಿದ್ದವರು ಎದ್ದ ಹಾಗೆ. ಅವಳು ತಿರುಗಿ ನೋಡಲಿಲ್ಲ. ಮುಚ್ಚಳಗಳನ್ನೇ ನೋಡುತ್ತಿದ್ದಳು. ಮತ್ತೆ ಮಂಜಾಗಲಿಲ್ಲ.

ಸೋಮವಾರ ಫಾರಂ ಹೆಂಗಸು ಐವತ್ತು ಮುಚ್ಚಳಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ತಪ್ಪು ಹುಡುಕಲೆಂದೇ ಕನ್ನಡಕ ಏರಿಸಿದ್ದಳು, ಸಿಗಲಿಲ್ಲ. "ಯಾರು ಕಲಿಸಿದ್ರು ನಿನಗೆ?" ಎಂದಳು.

"ನಮ್ಮ ಮಾವ. ಕನ್ನಡಕ ಮಾಡ್ತಿದ್ರು."

ಸಂಜೆ ನಾದಿನಿ ಮಾವನನ್ನು ಆಟೋದಲ್ಲಿ ಕರೆತಂದಳು. ಕೆಮ್ಮು ಇಳಿದಿತ್ತು. ದುಡ್ಡಿನ ಸುದ್ದಿ ಕೇಳಿ ನಾದಿನಿ, "ಹಾಗಾದ್ರೆ ಔಷಧಿ ಇನ್ನು ಪಾಲು ಪಾಲು ಅತ್ತಿಗೆ," ಎಂದಳು. "ಪಾಲು ಪಾಲು," ಎಂದಳು ಸೊಸೆ. ಅಲ್ಲಿಗೆ ಆ ಜಗಳ ಮುಗಿಯಿತು.

ಮಾವ ಸೋಫಾದಲ್ಲಿ ಕೂತು ಸೊಸೆ ಚಹಾ ತರುವವರೆಗೆ ಕಾದರು. ಲೋಟ ತೆಗೆದುಕೊಳ್ಳುವಾಗ ಅವಳ ತೋಳಿನ ಬಟ್ಟೆ ನೋಡಿದರು. ನಿನ್ನೆಯ ಬಟ್ಟೆಯಲ್ಲ, ಬೇರೆಯದು, ಒಗೆದದ್ದು. ಆದರೂ ಅಲ್ಲೇ ನೋಡಿದರು.

"ಒರೆಸಿದ್ಯಾ?"

ಅವಳು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ.

"ಒರೆಸ್ದೆ ಮಾವ."

"ಒಳಗಡೆ?"

"ಒಳಗಡೆನೂ."

ಮಾವ ತಲೆಯಾಡಿಸಿದರು. ತಮ್ಮ ಕನ್ನಡಕ ತೆಗೆದು, "ಹಾ" ಎಂದು ಊದಿ, ಅಂಗಿಯಂಚಿನಿಂದ ಒರೆಸಿ ಹಾಕಿಕೊಂಡರು. ಆ ಸಂಜೆ ಎರಡು ಸಲ ಅನ್ನ ಹಾಕಿಸಿಕೊಂಡರು. ಮೊಮ್ಮಗಳ ಹತ್ತಿರ, "ಏನೇ, ಇನ್ನೂ ಮೊಳಕೆ ಬಂದಿಲ್ವಾ ನಿನಗೆ?" ಎಂದೂ ಕೇಳಿದರು.

ಹೀಗೆ, ಐವತ್ತು ತಟ್ಟೆಗೆ ದುಡ್ಡು ಬಂತು. ಹದಿನೈದು ದಿನಕ್ಕೊಮ್ಮೆ ಇನ್ನೈವತ್ತರ ಮಾತಾಯಿತು. ಕ್ಯಾಂಟೀನು ಬಿಟ್ಟಳು, ಎರಡು ತಿಂಗಳಲ್ಲಿ ಅಂಗೈ ಕೂಡಿಕೊಂಡಿತು. ಮಗಳಿಗೆ ಚಪ್ಪಲಿ ಬಂತು. ಕೋಣೆ ಉಳಿಯಿತು. ಎಂಬತ್ತು ತಟ್ಟೆಗಳಲ್ಲಿ ಎಪ್ಪತ್ತೆಂಟು ಈಗಲೂ ಕೆಲಸ ಮಾಡುತ್ತಿವೆ. ಉಳಿದೆರಡರಲ್ಲಿ ವಾರದೊಳಗೆ ಬಣ್ಣ ಬಣ್ಣದ ಚುಕ್ಕೆ ಎದ್ದಿತು, ಅವಳ ಉಸಿರಿನದು. ಒಣಗಿ ಹೋದ ಮೇಲೂ ಅವನ್ನು ಅವಳು ತೊಳೆದಿಲ್ಲ, ನಡುವಿನ ಹಲಗೆಯ ತುದಿಯಲ್ಲಿ ಅಂಗಾತ ಇವೆ.

ಹೋದದ್ದು ಇಷ್ಟೇ: ಆ ಕೋಣೆಯಲ್ಲಿ ಮಂಚಕ್ಕೆ ಬೆನ್ನು ಹಾಕಿ ಕೆಲಸ ಮಾಡುವುದು ಅವಳಿಗೆ ಇನ್ನು ಆಗುವುದಿಲ್ಲ.